ಬೀಗದ ಕೈ ಯಾರ ಹತ್ತಿರ?

ದಾವಣಗೆರೆಯಲ್ಲಿ ನನ್ನ ಗೆಳೆಯರೊಬ್ಬರ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಇಷ್ಟೇ ಕಸುಬು. ನಾಲ್ಕು ಕಂಪ್ಯೂಟರ್, ಒಂದು ಆಫ್‌ಸೆಟ್ ಮಿಷನ್, ಆರು ಜನ ಕೆಲಸದವರು. ಗೆಳೆಯರ ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು. ಶಟರಿನದು ಎರಡು, ಕಾಗದದ ಗೋಡೌನಿನದು ಒಂದು, ಗಲ್ಲಾಪೆಟ್ಟಿಗೆಯದು ಒಂದು, ಬೀರುವಿನದು ಒಂದು. ಯಾವುದರ ನಕಲು ಯಾರ ಮನೆಯಲ್ಲಿದೆ ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಕೆಲಸ ಬಿಟ್ಟ ಹುಡುಗನೊಬ್ಬ ಗೋಡೌನಿನ ಕೀಲಿ ವಾಪಸು ಕೊಡಲು ತಡ ಮಾಡಿದನೆಂದು ಬೀಗವನ್ನೇ ಬದಲಿಸಿದವರು ಅವರು.

ಅದೇ ಹುಡುಗನಿಗೆ ಪ್ರೆಸ್ಸಿನ ಮೇಲ್ ಪಾಸ್‌ವರ್ಡ್ ಗೊತ್ತಿತ್ತು. ಅದನ್ನು ಮಾತ್ರ ಯಾರೂ ಬದಲಿಸಿರಲಿಲ್ಲ.

2019ರ ಮೇ ತಿಂಗಳು, ಲಗ್ನದ ಭರಾಟೆ. ಬೆಳಿಗ್ಗೆ ಎಂಟೂವರೆಗೆ ಫೋನು. “ಸರ, ಒಂದು ಸಲ ಬಂದು ಹೋಗ್ರಿ. ಫೈಲ್ ಯಾವೂ ತೆಗೀವಲ್ಲವು.” ಹೋಗಿ ನೋಡಿದರೆ ಡಿಟಿಪಿ ಕಂಪ್ಯೂಟರಿನ ಪ್ರತಿ ಫೈಲಿನ ಹೆಸರಿನ ಬಾಲಕ್ಕೂ ಒಂದು ಅರ್ಥವಿಲ್ಲದ ಪದ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಒಂದು ಚೀಟಿ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕರ್ಧ ರಿಯಾಯಿತಿ, 490. ಯುಗಾದಿ ಡಿಸ್ಕೌಂಟಿನ ಧಾಟಿಯಲ್ಲೇ ಬರೆದಿತ್ತು. ‘ಸ್ಟಾಪ್-ಡಿಜೆವಿಯು’ ಎಂಬ ಹೆಸರಿನ ಈ ವೈರಸ್ಸಿನ ಕುಲ ಆ ವರ್ಷ ಜಗತ್ತಿನಾದ್ಯಂತ ಮನೆಗಳನ್ನೂ ಸಣ್ಣ ಅಂಗಡಿಗಳನ್ನೂ ಹುಡುಕಿಕೊಂಡು ಬಂದಿತ್ತು.

ಎಲ್ಲಿಂದ ಬಂತು? ಹಿಂದಿನ ಸಂಜೆ ಆಪರೇಟರ್ ಹುಡುಗ ಡಿಸೈನ್ ಸಾಫ್ಟ್‌ವೇರೊಂದರ ಕ್ರ್ಯಾಕ್ ಇಳಿಸಿದ್ದ. ಈ ಕುಲದ ಹೆದ್ದಾರಿಯೇ ಅದು: ದುಡ್ಡು ಕೊಡಬೇಕಾದ ಸಾಫ್ಟ್‌ವೇರನ್ನು ಪುಕ್ಕಟೆ ಮಾಡಿಕೊಡುವ ಚಿಕ್ಕ ಫೈಲು. ಅದನ್ನು ಓಡಿಸುವಾಗ ಆಂಟಿವೈರಸ್ ಅಡ್ಡ ಬರುತ್ತದೆ. ಕ್ರ್ಯಾಕಿನ ಜತೆಗಿರುವ ಸೂಚನೆಯಲ್ಲೇ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಹುಡುಗ ವಿಧೇಯನಾಗಿ ಮಾಡಿದ್ದಾನೆ. ಆಮೇಲೆ ಪರದೆಯ ಮೇಲೆ ‘ವಿಂಡೋಸ್ ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆರಿಸಬೇಡಿ’ ಎಂಬ ನೀಲಿ ಕಿಟಕಿ. ಅದು ಸುಳ್ಳು ಅಪ್‌ಡೇಟ್. ಹಿಂದೆ ಫೈಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದ್ದರೆ ಮುಂದೆ ಕೂತವನು ಸಮಾಧಾನದಿಂದ ಚಹಾಕ್ಕೆ ಹೋಗಲೆಂದು ಹಾಕಿದ ಪರದೆ. ಹುಡುಗ ಚಹಾಕ್ಕೆ ಹೋಗಿದ್ದ.

ಒಂದು ಕಂಪ್ಯೂಟರಿಗೆ ಬಂದದ್ದು ಒಂದರಲ್ಲೇ ನಿಲ್ಲಬಹುದಿತ್ತು. ಆದರೆ ನಾಲ್ಕೂ ಕಂಪ್ಯೂಟರಿನ ಡಿ ಡ್ರೈವ್ ‘ಫುಲ್ ಶೇರ್’ ಆಗಿದ್ದವು. ಯಾರು ಬೇಕಾದರೂ ಯಾವುದನ್ನು ಬೇಕಾದರೂ ತೆಗೆಯಬಹುದು, ತಿದ್ದಬಹುದು, ಅಳಿಸಬಹುದು. ಪೆನ್‌ಡ್ರೈವ್ ಹಿಡಿದು ಓಡಾಡುವುದು ತಪ್ಪಲೆಂದು ಯಾವಾಗಲೋ ಮಾಡಿಕೊಂಡ ಅನುಕೂಲ. ಬ್ಯಾಕಪ್ ಇತ್ತೇ? ಇತ್ತು. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕು, ಸಿಪಿಯು ಹಿಂದೆ ವರ್ಷಗಟ್ಟಲೆ ಚುಚ್ಚಿಕೊಂಡೇ ಇತ್ತು. ಅದೂ ಬೀಗದೊಳಗೆ. ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿ ಊರಿಗೆ ಹೋದ ಹಾಗೆ.

ನಾವು ದುಡ್ಡು ಕಟ್ಟಲಿಲ್ಲ. ಕಟ್ಟಿದರೆ ಕೀಲಿ ಬರುತ್ತದೆಂಬ ಖಾತ್ರಿಯೂ ಇರಲಿಲ್ಲ. ಬೀಗ ಬಿದ್ದ ಡಿಸ್ಕನ್ನು ಫಾರ್ಮ್ಯಾಟ್ ಹೊಡೆಯದೆ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟೆವು. ಆ ದಿನ ಮಾಡಿದ ಒಂದೇ ಜಾಣತನ ಅದು. ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಕಂಪನಿ ಈ ಕುಲದ 148 ತಳಿಗಳಿಗೆ ಬೀಗ ಬಿಚ್ಚುವ ಉಪಕರಣವನ್ನು ಪುಕ್ಕಟೆ ಬಿಟ್ಟಿತು. ಅದು ಕೆಲಸ ಮಾಡುವ ಬಗೆ ಸ್ವಾರಸ್ಯದ್ದು. ಈ ವೈರಸ್ಸಿಗೆ ಅವಸರ ಹೆಚ್ಚು. ದೊಡ್ಡ ಫೈಲಾದರೆ ಮೊದಲ 150 ಕಿಲೋಬೈಟಿನಷ್ಟನ್ನು ಮಾತ್ರ ಗೊಂದಲ ಮಾಡಿ ಮುಂದಿನದಕ್ಕೆ ಓಡುತ್ತದೆ. ಹಳೆಯ ತಳಿಗಳಲ್ಲಿ, ಅದೇ ಫೈಲಿನ ಕೆಡದ ಪ್ರತಿಯೊಂದು ಸಿಕ್ಕರೆ ಎರಡನ್ನೂ ಹೋಲಿಸಿ ಕೀಲಿಯನ್ನು ಊಹಿಸಬಹುದಿತ್ತು. ಫೈಲಿನ ಪ್ರತಿ ಬಗೆಗೂ ಬೇರೆ ಜೋಡಿ ಬೇಕು. ಕೆಡದ ಪ್ರತಿ ಎಲ್ಲಿಂದ ತರುವುದು? ಗಿರಾಕಿಗಳು ಹಿಂದೆ ಮೇಲ್‌ನಲ್ಲಿ ಕಳಿಸಿದ್ದ ಗಣಪತಿ ಚಿತ್ರಗಳು, ವಧೂವರರ ಫೋಟೋಗಳು ಇನ್ನೂ ಇನ್‌ಬಾಕ್ಸಿನಲ್ಲೇ ಇದ್ದವು. ಆ ಜೋಡಿಗಳಿಂದ ಚಿತ್ರಗಳು ಬಿಚ್ಚಿಕೊಂಡವು. ಪೇಜ್‌ಮೇಕರ್ ಫೈಲುಗಳಿಗೆ ಜೋಡಿ ಸಿಕ್ಕಿದ್ದು ಒಂದು ಸಂಘದ ಕಾರ್ಯದರ್ಶಿಯ ಹಳೆಯ ಪೆನ್‌ಡ್ರೈವಿನಲ್ಲಿ. ಅಷ್ಟು ಹೊತ್ತಿಗೆ ಆ ಲಗ್ನಗಳೆಲ್ಲ ಆಗಿಹೋಗಿದ್ದವು ಬಿಡಿ. ಮೇ ತಿಂಗಳ ಕೆಲಸವನ್ನೆಲ್ಲ ಹುಡುಗರು ರಾತ್ರಿಯಿಡೀ ಕೂತು ಮೊದಲಿನಿಂದ ಟೈಪು ಮಾಡಿದ್ದರು.

“ನಮ್ಮಂಥ ಸಣ್ಣೋರ ಹತ್ರ ಕದಿಯಾಕ ಏನೈತಿ?” ಗೆಳೆಯರು ಆಗ ಕೇಳಿದ್ದ ಪ್ರಶ್ನೆ. ಎಲ್ಲ ಅಂಗಡಿಯವರೂ ಕೇಳುತ್ತಾರೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಭಾರಿ ಮಳಿಗೆ ಸಮೂಹದಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಮೊದಲು ನುಗ್ಗಿದ್ದು ಟಾರ್ಗೆಟ್ಟಿಗಲ್ಲ, ಅವರಿಗೆ ತಂಪುಯಂತ್ರಗಳ ಕೆಲಸ ಮಾಡಿಕೊಡುತ್ತಿದ್ದ ಸಣ್ಣ ಗುತ್ತಿಗೆದಾರರ ಕಂಪ್ಯೂಟರಿಗೆ. ಅಲ್ಲಿಂದ ಎತ್ತಿದ ಪಾಸ್‌ವರ್ಡ್ ದೊಡ್ಡಮನೆಯ ಹಿತ್ತಿಲ ಬಾಗಿಲು ತೆಗೆಯಿತು. ನಮ್ಮ ಪ್ರೆಸ್ಸಿನ ಮಟ್ಟಿಗೆ ಅಷ್ಟು ದೂರದ ಲೆಕ್ಕವೂ ಬೇಡ. ಕಳ್ಳನಿಗೆ ಆ ಲಗ್ನಪತ್ರಿಕೆಗಳಿಂದ ಏನೂ ಉಪಯೋಗವಿಲ್ಲ. ಉಪಯೋಗವಿರುವುದು ಗೆಳೆಯರಿಗೆ. 980 ಡಾಲರ್ ಕೇಳಿದ್ದು ಆ ಲೆಕ್ಕದ ಮೇಲೆ.

ಈ ಪ್ರೆಸ್ಸಿನ ನೆಪದಲ್ಲಿ ಸಣ್ಣ ಅಂಗಡಿಗಳ ಕಂಪ್ಯೂಟರುಗಳ ಕಡೆ ನೋಡತೊಡಗಿದ ಮೇಲೆ ನನಗೆ ಕಂಡದ್ದು ಒಂದೇ. ಇವರಿಗೆ ಭದ್ರತೆ ಗೊತ್ತಿಲ್ಲವೆಂದಲ್ಲ. ಶಟರು, ಗಲ್ಲಾ, ಸ್ಟಾಕು ಎಲ್ಲದರಲ್ಲೂ ಹುಷಾರು. ಕಂಪ್ಯೂಟರ್ ಮಾತ್ರ ಯಾರದೂ ಅಲ್ಲ, ‘ಕಂಪ್ಯೂಟರ್ ಹುಡುಗ’ನದು. ಫೋನ್ ಮಾಡಿದರೆ ಬೈಕಿನಲ್ಲಿ ಬರುತ್ತಾನೆ, ಫಾರ್ಮ್ಯಾಟ್ ಹೊಡೆಯುತ್ತಾನೆ, ಮುನ್ನೂರೋ ಐನೂರೋ ಇಸಿದುಕೊಂಡು ಹೋಗುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕ್ರ್ಯಾಕ್ ಹಾಕುವುದು ಮಾಲೀಕರು ‘ದುಡ್ಡಿಲ್ಲದೆ ಮಾಡಿಕೊಡು’ ಎಂದದ್ದಕ್ಕೆ. ಆದರೆ ಅವನು ಹೋಗುವಾಗ ಯಾವ್ಯಾವ ಬೀಗದ ಕೈ ಅವನ ಜೇಬಿನಲ್ಲಿ ಹೋಯಿತು ಎಂದು ಯಾರೂ ಎಣಿಸುವುದಿಲ್ಲ.

ಒಂದು ಭಾನುವಾರ ಗೆಳೆಯರ ಜತೆ ಕೂತು ಎಣಿಸಿದೆವು. ದೂರದಿಂದಲೇ ರಿಪೇರಿ ಮಾಡಲೆಂದು ಹಾಕಿದ್ದ ಎನಿಡೆಸ್ಕ್ ಎರಡು ಕಂಪ್ಯೂಟರಿನಲ್ಲಿತ್ತು, ಯಾರೂ ಒಪ್ಪಿಗೆ ಒತ್ತದೆಯೇ ಒಳಬರಲು ಕಾಯಂ ಪಾಸ್‌ವರ್ಡ್ ಸಹಿತ. ಅದನ್ನು ಹಾಕಿದ್ದ ಕಂಪ್ಯೂಟರ್ ಹುಡುಗ ಆಗಲೇ ಬೆಂಗಳೂರಿಗೆ ಹೋಗಿಯಾಗಿತ್ತು. ಪ್ರೆಸ್ಸಿನ ವೆಬ್‌ಸೈಟಿನ ಡೊಮೇನ್ ಹೆಸರು ಅದನ್ನು ಮಾಡಿಕೊಟ್ಟ ಡಿಸೈನರನ ಹೆಸರಿನಲ್ಲಿ ನೋಂದಣಿಯಾಗಿತ್ತು. ಎಲ್ಲಕ್ಕಿಂತ ಬೆವರಿಳಿಸಿದ್ದು ಜಿಎಸ್‌ಟಿ. ಪೋರ್ಟಲಿನಲ್ಲಿ ನೋಂದಾಯಿಸಿದ ಮೊಬೈಲ್ ಮತ್ತು ಮೇಲ್ ಎರಡೂ ಗೆಳೆಯರದಲ್ಲ, ಮೊದಲು ರಿಟರ್ನ್ಸ್ ಹಾಕುತ್ತಿದ್ದ ಕನ್ಸಲ್ಟಂಟರ ಸಹಾಯಕನದು. ಒಟಿಪಿ ಹೋಗುತ್ತಿದ್ದದ್ದು ಅವನ ಜೇಬಿಗೆ. ಪಾಪ, ಅವನು ಸಂಭಾವಿತ. ಕೇಳಿದ ತಕ್ಷಣ ಸಹಕರಿಸಿ ಬದಲಿಸಿಕೊಟ್ಟ. ಎಲ್ಲರ ಅದೃಷ್ಟವೂ ಹಾಗೇ ಇರುತ್ತದೆಂದೇನಿಲ್ಲ. ಈ ಅಂಕಣ ಓದುತ್ತಿರುವ ವ್ಯಾಪಾರಸ್ಥರು ಬೇರೇನೂ ಮಾಡದಿದ್ದರೂ ಇವತ್ತು ಸಂಜೆ ಆ ಒಂದನ್ನು ನೋಡಿಬಿಡಿ: ನಿಮ್ಮ ಒಟಿಪಿ ಯಾರ ಫೋನಿಗೆ ಬರುತ್ತದೆ?

ಪಾಸ್‌ವರ್ಡಿನ ಬಗ್ಗೆ ಎರಡು ಮಾತು. ‘ತಿಂಗಳಿಗೊಮ್ಮೆ ಬದಲಿಸಿ’ ಎಂಬ ಹಳೆಯ ಉಪದೇಶವನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿತು. ಬದಲಿಸಲೇಬೇಕೆಂದರೆ ಜನ ಕೊನೆಯ 1 ತೆಗೆದು 2 ಹಾಕುತ್ತಾರೆ, ಅಷ್ಟೇ. ಉದ್ದ ಇರಲಿ, ಒಂದೊಂದು ಕಡೆ ಒಂದೊಂದಿರಲಿ, ಮೇಲ್‌ಗೂ ಬ್ಯಾಂಕಿಗೂ ಫೋನಿನ ಎರಡನೆಯ ಒಪ್ಪಿಗೆ ಕಡ್ಡಾಯವಿರಲಿ. ನೆನಪಿಡಲಾಗದಿದ್ದರೆ ಬರೆದಿಡಿ. ಹೌದು, ಕಾಗದದಲ್ಲೇ! ಬೀರುವಿನೊಳಗಿನ ನೋಟ್‌ಬುಕ್ಕಿಗೆ ರಷ್ಯಾದ ಕಳ್ಳ ಕೈಹಾಕಲಾರ. ಮಾನಿಟರಿನ ಅಂಚಿಗೆ ಹಳದಿ ಚೀಟಿ ಅಂಟಿಸುವುದು ಮಾತ್ರ ಬೇಡ, ಕೌಂಟರಿನ ಈಚೆಯಿಂದ ನಾನೇ ಎಷ್ಟೋ ಓದಿದ್ದೇನೆ.

ಇನ್ನು ಅಪ್‌ಡೇಟು. 2017ರ ಮೇ 12ರ ಶುಕ್ರವಾರ ವಾನಾಕ್ರೈ ಎಂಬ ಹುಳು ಬ್ರಿಟನ್ನಿನ ಆಸ್ಪತ್ರೆಗಳನ್ನು ಸ್ತಬ್ಧಗೊಳಿಸಿ ಸುಮಾರು 150 ದೇಶಗಳಿಗೆ ಹಬ್ಬಿತು. ಅದು ನುಗ್ಗಿದ ಬಿರುಕನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಮುಚ್ಚಿತ್ತು. ಎರಡು ತಿಂಗಳು ‘ರಿಮೈಂಡ್ ಮಿ ಲೇಟರ್’ ಒತ್ತುತ್ತಾ ಕೂತವರ ಮನೆಗೇ ಹುಳು ಬಂದದ್ದು. ಅಂದು ಬಿದ್ದ ಕಂಪ್ಯೂಟರುಗಳಲ್ಲಿ ಬಹುಪಾಲು ವಿಂಡೋಸ್ 7. ಆ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ತೇಪೆ ಹಾಕುವುದು ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ ಎಂಬ ಭದ್ರತಾ ಚಿಪ್ಪು, ಇಂಟೆಲ್ಲಾದರೆ ಎಂಟನೆಯ ತಲೆಮಾರಿನ ಆಸುಪಾಸಿನ ಪ್ರೊಸೆಸರ್ ಬೇಕು. ಚೆನ್ನಾಗಿಯೇ ಓಡುತ್ತಿರುವ ಯಂತ್ರವನ್ನು ಎಸೆಯಿರಿ ಎಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ?

ನಮ್ಮ ಪ್ರೆಸ್ಸುಗಳಿಗೆ ಇಲ್ಲಿ ಇನ್ನೊಂದು ಸಂಕಟವಿದೆ, ಅದು ಕನ್ನಡದ್ದು. ಡಿಟಿಪಿ ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲೇ ಕೂತಿದ್ದರೆ ಅದಕ್ಕೆ ಸೋಮಾರಿತನ ಕಾರಣವಲ್ಲ. ಇಪ್ಪತ್ತು ವರ್ಷದ ಕನ್ನಡ ಕೆಲಸವೆಲ್ಲ ಪೇಜ್‌ಮೇಕರಿನಲ್ಲಿದೆ. ಅದರ ಕೊನೆಯ ಆವೃತ್ತಿ, 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಬಾರದು. ಆದ್ದರಿಂದ ಅಕ್ಷರಗಳೆಲ್ಲ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ಈ ಫಾಂಟುಗಳ ಒಳಗುಟ್ಟೇನೆಂದರೆ, ಕಂಪ್ಯೂಟರಿನ ಪ್ರಕಾರ ಅಲ್ಲಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸಲಾಗಿದೆ, ಅಷ್ಟೆ. ಜತೆಗೆ ಕೆಲವು ಸಾಫ್ಟ್‌ವೇರಿಗೆ ಹಳೆಯ ಡಾಂಗಲ್ಲು, ಅದಕ್ಕೆ ಹಳೆಯ ಡ್ರೈವರ್ರು. ಒಂದನ್ನು ಕದಲಿಸಿದರೆ ಎಲ್ಲವೂ ಕುಸಿಯುತ್ತದೆಂಬ ಭಯ. ಭಯ ಸುಳ್ಳಲ್ಲ.

ಹಾಗಿದ್ದರೆ ಆ ಕಂಪ್ಯೂಟರನ್ನು ಮನೆಯ ಹಿರಿಯರಂತೆ ನೋಡಿಕೊಳ್ಳಬೇಕು. ಹೊರಗೆ ಕಳಿಸಬಾರದು. ನೆಟ್‌ವರ್ಕ್ ತಂತಿ ಕಿತ್ತೆವು, ವೈಫೈ ತೆಗೆದೆವು. ಅದರಲ್ಲಿ ಈಗ ಮೇಲ್ ಇಲ್ಲ, ಬ್ರೌಸರ್ ತೆಗೆಯುವುದಿಲ್ಲ. ಹೊಸ ಕೆಲಸಗಳನ್ನು ಯೂನಿಕೋಡಿನಲ್ಲಿ ಬೇರೆ ಯಂತ್ರದಲ್ಲಿ ಮಾಡುತ್ತಾರೆ. ಹಳೆಯದು ಬೇಕಾದಾಗ ಮಾತ್ರ ಹಿರಿಯರ ಬಳಿ ಹೋಗುತ್ತಾರೆ. ನಡುವೆ ಓಡಾಡಲು ಪ್ರೆಸ್ಸಿನದೇ ಒಂದು ಪೆನ್‌ಡ್ರೈವ್, ಕೆಂಪು ದಾರ ಕಟ್ಟಿದ್ದು. ಗಿರಾಕಿಗಳ ಪೆನ್‌ಡ್ರೈವುಗಳೆಲ್ಲ ಮುಂದಿನ ಕೌಂಟರಿನ ಕಂಪ್ಯೂಟರಿಗೇ. ಅಲ್ಲಿ ಸ್ಕ್ಯಾನ್ ಆಗದೆ ಒಳಗೆ ಬರುವಂತಿಲ್ಲ. ಊರಿನ ಕಾಲೇಜು, ಕಚೇರಿ, ಜೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ ಬರುವ ಪೆನ್‌ಡ್ರೈವು ಪ್ರೆಸ್ಸಿನವರ ಪಾಲಿಗೆ ಸಂತೆಯಿಂದ ಬಂದ ಚಪ್ಪಲಿ ಇದ್ದಂತೆ. ಹೊರಗೇ ಬಿಡಬೇಕು.

ದುಡ್ಡೇ ಬೇಡದ, ಆದರೂ ಯಾರೂ ಮಾಡದ ಒಂದು ಕೆಲಸ: ದಿನದ ಬಳಕೆಗೆ ಅಡ್ಮಿನ್ ಅಲ್ಲದ ಖಾತೆ. ವಿಂಡೋಸಿನಲ್ಲಿ ‘ಸ್ಟ್ಯಾಂಡರ್ಡ್ ಯೂಸರ್’ ಎಂಬುದೊಂದಿದೆ. ಅದರಲ್ಲಿ ಟೈಪು ಮಾಡಬಹುದು, ಪ್ರಿಂಟು ತೆಗೆಯಬಹುದು, ಟ್ಯಾಲಿ ನಡೆಸಬಹುದು; ಹೊಸ ಸಾಫ್ಟ್‌ವೇರ್ ಹಾಕುವುದಕ್ಕೋ ಆಂಟಿವೈರಸ್ ಆರಿಸುವುದಕ್ಕೋ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಆ ಪಾಸ್‌ವರ್ಡ್ ಗೆಳೆಯರ ನೋಟ್‌ಬುಕ್ಕಿನಲ್ಲಿದೆ. ಮೊದಲ ವಾರ ಹುಡುಗರು ಗೊಣಗಿದರು, “ಅಣ್ಣಾರ, ಎಲ್ಲದಕ್ಕೂ ನಿಮ್ಮನ್ನ ಕರೀಬೇಕು.” ಎರಡನೆಯ ವಾರ ಕರೆಯುವ ಪ್ರಸಂಗವೇ ಬರಲಿಲ್ಲ. ಟೈಪು ಮಾಡುವವನಿಗೆ ದಿನಾ ಏನನ್ನು ಇನ್‌ಸ್ಟಾಲ್ ಮಾಡುವ ಕೆಲಸವಿರುತ್ತದೆ? ಶೇರ್ ಮಾಡಿದ ಡ್ರೈವುಗಳನ್ನೂ ಕಡಿಮೆ ಮಾಡಿದೆವು. ಬಿಲ್ಲಿಂಗಿನ ಹುಡುಗಿಗೆ ಡಿಸೈನ್ ಫೋಲ್ಡರನ್ನು ತಿದ್ದುವ ಹಕ್ಕು ಬೇಕಿಲ್ಲ, ಆಪರೇಟರಿಗೆ ಟ್ಯಾಲಿ ಫೋಲ್ಡರ್ ಬೇಕಿಲ್ಲ.

ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ರೌಟರ್ ಮತ್ತು ಅದರ ಪಕ್ಕದ ಸಿಸಿಟಿವಿ ಡಬ್ಬಿ, ಇವೂ ಕಂಪ್ಯೂಟರುಗಳೇ ಎಂದು ಬಹಳ ಜನಕ್ಕೆ ಅನಿಸುವುದಿಲ್ಲ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಗಂಟೆಗಟ್ಟಲೆ ಎಟುಕಲಿಲ್ಲ. ಆ ದಾಳಿ ಮಾಡಿದ ದಂಡಿನಲ್ಲಿದ್ದದ್ದು ಜಗತ್ತಿನ ಮನೆ-ಅಂಗಡಿಗಳ ಕ್ಯಾಮೆರಾ ಡಬ್ಬಿಗಳು, ರೌಟರುಗಳು. ಮಿರಾಯ್ ಎಂಬ ಹುಳು ಅವುಗಳನ್ನು ವಶಮಾಡಿಕೊಂಡದ್ದು ಮಹಾ ವಿದ್ಯೆಯಿಂದಲ್ಲ. ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡಿನ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿ. ‘ಅಡ್ಮಿನ್, ಅಡ್ಮಿನ್’ ಅವುಗಳಲ್ಲೊಂದು. ನಮ್ಮ ಪ್ರೆಸ್ಸಿನ ರೌಟರಿನಲ್ಲೂ ಅದೇ ಇತ್ತು. ಅದನ್ನು ಬದಲಿಸಿ, ಹೊರಗಿನಿಂದ ನಿರ್ವಹಿಸುವ ಸೌಲಭ್ಯ ಆರಿಸಿ, ಗಿರಾಕಿಗಳಿಗೆ ‘ಗೆಸ್ಟ್’ ವೈಫೈ ಬೇರೆ ಮಾಡಿದ್ದಕ್ಕೆ ಒಟ್ಟು ಇಪ್ಪತ್ತು ನಿಮಿಷ ಹಿಡಿಯಿತು. ಕ್ಯಾಮೆರಾ ಡಬ್ಬಿಯನ್ನೂ ಆ ಗೆಸ್ಟ್ ಸಾಲಿಗೇ ತಳ್ಳಿದೆವು.

ಮೊಬೈಲು ಈಗ ಅಂಗಡಿಯ ಐದನೆಯ ಕಂಪ್ಯೂಟರು. ಅದರ ಕಥೆ ದೊಡ್ಡದು, ಇಲ್ಲಿ ಬೇಡ. ಒಂದನ್ನು ಮಾತ್ರ ಹೇಳಬೇಕು, ಏಕೆಂದರೆ ಅದು ನೇರ ನಮ್ಮ ಗೆಳೆಯರ ಕಸುಬಿಗೇ ಬಂದದ್ದು. 2024ರಲ್ಲಿ ವಾಟ್ಸಾಪಿನಲ್ಲಿ ಲಗ್ನಪತ್ರಿಕೆಯ ಸೋಗಿನಲ್ಲಿ ಎಪಿಕೆ ಫೈಲುಗಳು ಹರಿದಾಡಿದವು. ಪೊಲೀಸರು ಎಚ್ಚರಿಕೆ ಕೊಟ್ಟರು. ಪತ್ರಿಕೆಯೆಂದು ತೆರೆದು ಇನ್‌ಸ್ಟಾಲ್ ಒತ್ತಿದರೆ ಫೋನಿನೊಳಗಿನ ಮೆಸೇಜು, ಒಟಿಪಿ ಎಲ್ಲ ಪರರ ಪಾಲು. ಆ ಸುದ್ದಿ ಓದಿದ ದಿನದಿಂದ ಗೆಳೆಯರು ಗಿರಾಕಿಗಳಿಗೆ ಕರಡು ಪ್ರತಿ ಕಳಿಸುವಾಗ ಮೊದಲು ಫೋನ್ ಮಾಡಿ, “ಈಗ ಪಿಡಿಎಫ್ ಬರ್ತೈತ್ರಿ, ಬೇರೆ ಏನಾದ್ರೂ ಬಂದ್ರ ನಮ್ಮದಲ್ಲ” ಎನ್ನುತ್ತಾರೆ.

ಧೂಳು, ಇಲಿ, ಕರೆಂಟು ಕೂಡ ವೈರಸ್ಸುಗಳೇ. ಕಾಗದದ ನವಿರು ಧೂಳು ಪ್ರೆಸ್ಸಿನ ಸಿಪಿಯುಗಳಲ್ಲಿ ಹತ್ತಿಯಂತೆ ಕೂರುತ್ತದೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು. ಯುಪಿಎಸ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸಾಯುತ್ತದೆ, ಸತ್ತದ್ದು ಗೊತ್ತಾಗುವುದು ಕರೆಂಟು ಹೋದ ದಿನ. ಯುಪಿಎಸ್ಸಿನ ಮೇಲೆ ಬ್ಯಾಟರಿ ಹಾಕಿದ ತಾರೀಖು ಬರೆದಿಟ್ಟರೆ ಆಯಿತು.

ಮತ್ತೆ ಬ್ಯಾಕಪ್ಪಿಗೆ ಬರುತ್ತೇನೆ. ಉಳಿದ ಯಾವ ಬೀಗ ಒಡೆದರೂ ಮಾರನೆಯ ದಿನ ಶಟರು ತೆರೆಯಲು ಅದೊಂದೇ ದಾರಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಂಡಿರಲೇಬೇಕು. ‘ವೈರಸ್ ತಿಂದಿತು ಸಾಹೇಬ್ರೆ’ ಎಂದರೆ ನಡೆಯದು. ಜಾಣರ ಲೆಕ್ಕ ಮೂರು-ಎರಡು-ಒಂದು: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಪ್ರೆಸ್ಸಿನಲ್ಲಿ ಅದು ಹೀಗಾಗಿದೆ: ಎರಡು ಹಾರ್ಡ್ ಡಿಸ್ಕು, ಒಂದಕ್ಕೆ ಅರಿಶಿನ ಬಣ್ಣದ ಪಟ್ಟಿ, ಒಂದಕ್ಕೆ ಕುಂಕುಮದ ಬಣ್ಣದ್ದು. ಶನಿವಾರ ಸಂಜೆ ಗಲ್ಲಾ ಎಣಿಸಿದ ಮೇಲೆ ಒಂದನ್ನು ಚುಚ್ಚಿ, ಪ್ರತಿ ತೆಗೆದು, ಕಿತ್ತು, ಗೆಳೆಯರು ಮನೆಗೆ ಒಯ್ಯುತ್ತಾರೆ. ಮುಂದಿನ ಶನಿವಾರ ಇನ್ನೊಂದು. ಟ್ಯಾಲಿಯ ಬ್ಯಾಕಪ್ ಮಾತ್ರ ದಿನಾ, ಅದು ಚಿಕ್ಕದು, ಇಂಟರ್ನೆಟ್ಟಿನ ಮೇಲಿನ ಖಾತೆಯೊಂದಕ್ಕೆ ಹೋಗುತ್ತದೆ.

ಅಕಸ್ಮಾತ್ ಮತ್ತೆ ಆದರೆ ಏನು ಮಾಡಬೇಕೆಂಬುದನ್ನು ರೌಟರಿನ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದೇವೆ. ಮೊದಲು ನೆಟ್‌ವರ್ಕ್ ತಂತಿ ಕೀಳು. ಫಾರ್ಮ್ಯಾಟ್ ಹೊಡೆಯಬೇಡ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡು. ಎಷ್ಟು ಬೇಗ ಮಾಡಿದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಫೈಲಿಗೆ ಬೀಗ ಬಿದ್ದಿದ್ದರೆ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೀಲಿ ಇದೆಯೇ ನೋಡು. ಯೂರೋಪಿನ ಪೊಲೀಸರು ಮತ್ತು ಕೆಲವು ಭದ್ರತಾ ಕಂಪನಿಗಳು 2016ರಿಂದ ಪುಕ್ಕಟೆ ನಡೆಸುತ್ತಿರುವುದು. ಕೊನೆಯ ಸಾಲನ್ನು ಗೆಳೆಯರೇ ಸೇರಿಸಿದ್ದು: ಹುಡುಗನಿಗೆ ಬೈಯಬೇಡ. ಬೈಗುಳಕ್ಕೆ ಹೆದರಿ ಅವನು ಅಂದು ಸಂಜೆಯೇ ಹೇಳಬೇಕಾದದ್ದನ್ನು ಬೆಳಿಗ್ಗೆವರೆಗೆ ಮುಚ್ಚಿಟ್ಟಿದ್ದ.

ಕಳೆದ ತಿಂಗಳ ಒಂದು ಶನಿವಾರ ನಾನು ಹೋದಾಗ ಬ್ಯಾಕಪ್ ಮುಗಿದಿತ್ತು. “ತೆಗೆದು ನೋಡಿದ್ದೀರೇನು?” ಎಂದೆ. “ಕಾಪಿ ಆಗೇತಲ್ಲ ಸರ, ತೆಗೆದು ನೋಡೋದೇನು?” ಎಂದರು. ಪಕ್ಕದ ಅಂಗಡಿಯಿಂದ ಒಂದು ಲ್ಯಾಪ್‌ಟಾಪ್ ತಂದು, ಹುಡುಗನಿಂದ ಅದಕ್ಕೆ ಪೇಜ್‌ಮೇಕರ್ ಹಾಕಿಸಿ, ಅರಿಶಿನ ಪಟ್ಟಿಯ ಡಿಸ್ಕು ಚುಚ್ಚಿ, ಹಿಂದಿನ ವರ್ಷದ ಒಂದು ಲಗ್ನಪತ್ರಿಕೆ ತೆರೆದೆವು. ಫೈಲು ಸರಿಯಾಗಿಯೇ ತೆರೆದುಕೊಂಡಿತು. ಗಣಪತಿ ಇದ್ದ, ಬಾಳೆಕಂಬದ ಅಂಚು ಇತ್ತು, ವಧೂವರರ ಫೋಟೋ ಇತ್ತು. ಅಕ್ಷರಗಳ ಜಾಗದಲ್ಲಿ ಮಾತ್ರ ಚುಕ್ಕೆ-ಗೀಟು ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ. ಮುಖವಾಡ ಕಳಚಿಬಿದ್ದಿತ್ತು. ಆರು ವರ್ಷ ತಪ್ಪದೆ ಡಿ ಡ್ರೈವನ್ನು ಪ್ರತಿ ತೆಗೆದಿದ್ದರು. ಫಾಂಟುಗಳಿದ್ದದ್ದು ಸಿ ಡ್ರೈವಿನಲ್ಲಿ, ವಿಂಡೋಸಿನ ಹೊಟ್ಟೆಯೊಳಗೆ.

ಗೆಳೆಯರು ಎರಡು ನಿಮಿಷ ಪರದೆಯನ್ನೇ ನೋಡಿದರು. ಆಮೇಲೆ ಸೊಂಟದ ಗೊಂಚಲಿನಿಂದ ಬೀರುವಿನ ಬೀಗದ ಕೈ ಆರಿಸಿ, ನೋಟ್‌ಬುಕ್ ತೆಗೆದು, ಶನಿವಾರದ ಪಟ್ಟಿಯ ಕೆಳಗೆ ‘ಫಾಂಟ್ ಫೋಲ್ಡರ್’ ಎಂದು ಬರೆದುಕೊಂಡರು. ಹುಡುಗ ಆಗಲೇ ಹಿರಿಯರ ಕಂಪ್ಯೂಟರಿನ ಮುಂದೆ ಕೂತು ಕೆಂಪು ದಾರದ ಪೆನ್‌ಡ್ರೈವ್ ಚುಚ್ಚಿದ್ದ.